ಹೂವಿನ ಹನಿಯ ಲೆಕ್ಕ

ತಂಗಿಯ ಮಗಳು ಪಿಯುಸಿ ಪರೀಕ್ಷೆಗೆ ಹೊರಡುವ ಮುಂಚೆ ಬ್ಯಾಗಿನಿಂದ ಪುಟ್ಟ ಸೀಸೆಯೊಂದನ್ನು ತೆಗೆದು ನಾಲಿಗೆಯ ಮೇಲೆ ನಾಲ್ಕು ಹನಿ ಬಿಟ್ಟುಕೊಂಡಳು. "ಧೈರ್ಯಕ್ಕೆ ದೊಡ್ಡಮ್ಮಾ, ಹೂವಿಂದು" ಅಂದಳು. ಸೀಸೆಯ ಮೇಲೆ ಲಾರ್ಚ್ ಎಂದು ಬರೆದಿತ್ತು. ಅವಳು ಅತ್ತ ಹೋದಳು, ನಾನು ಇತ್ತ ಪೆನ್ನು ಹಿಡಿದು ಕೂತೆ. ನಾಲ್ಕು ಹನಿಯಲ್ಲಿ ಹೂವು ಎಷ್ಟು?

ಈ ಹನಿ ಮಾಡುವುದು ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಬ್ಯಾಚ್ ಹೇಳಿಕೊಟ್ಟ ಕ್ರಮದಲ್ಲಿ. ಲಾರ್ಚ್ ಮರದ ಹೂಬಿಟ್ಟ ಕಡ್ಡಿಗಳನ್ನು ಅರ್ಧ ಗಂಟೆ ಕುದಿಸಿ ಸೋಸಬೇಕು. ಆ ಕಷಾಯಕ್ಕೆ ಅಷ್ಟೇ ಬ್ರಾಂದಿ ಬೆರೆಸಿದರೆ ಮದರ್ ಟಿಂಕ್ಚರ್. ಅದರಿಂದ ಎರಡು ಹನಿ 30 ಮಿಲಿ ಬ್ರಾಂದಿಗೆ. ಅದರಿಂದ ಮತ್ತೆರಡು ಹನಿ 30 ಮಿಲಿ ನೀರಿಗೆ. ಒಂದು ಮಿಲಿಗೆ 20 ಹನಿ ಎಂದು ಹಿಡಿದರೆ ಒಂದೊಂದು ಸಲವೂ 300 ಪಟ್ಟು ತೆಳು. ಎರಡು, ಮುನ್ನೂರು, ಮುನ್ನೂರು ಗುಣಿಸಿದರೆ 1,80,000. ಅವಳ ನಾಲ್ಕು ಹನಿಯಲ್ಲಿದ್ದದ್ದು ಒಂದು ಹನಿ ಕಷಾಯದ 45,000 ಪಾಲಿನಲ್ಲಿ ಒಂದು ಪಾಲು! ದಿನಕ್ಕೆ ನಾಲ್ಕು ಸಲ ತಪ್ಪದೆ ತೆಗೆದುಕೊಂಡರೂ ಇಡೀ ಒಂದು ಹನಿ ಕಷಾಯ ಹೊಟ್ಟೆ ಸೇರಲು 11,250 ದಿನ, ಅಂದರೆ ಸುಮಾರು 31 ವರ್ಷ ಬೇಕು. ಹುಡುಗಿಗೆ ಆಗ ಐವತ್ತರ ಹತ್ತಿರ. ಇನ್ನೊಂದು ಕಡೆಯಿಂದ ನೋಡಿದರೆ, ಒಂದೇ ಲೀಟರ್ ಕಷಾಯದಿಂದ 60 ಲಕ್ಷ ಸೀಸೆ ತುಂಬಿಸಬಹುದು. ನಮ್ಮ ರಾಜ್ಯದಲ್ಲಿ ವರ್ಷವೂ ದ್ವಿತೀಯ ಪಿಯುಸಿ ಬರೆಯುವ ಆರೇಳು ಲಕ್ಷ ಮಕ್ಕಳಿಗೆ ಎಂಟೆಂಟು ಸೀಸೆ ಹಂಚಿದರೂ ಮಿಗುತ್ತದೆ.

ಬ್ಯಾಚ್ ಬಿಟ್ಟುಹೋದದ್ದು ಒಟ್ಟು 38 ಔಷಧಿ, ಒಂದೊಂದೂ ಮನಸ್ಸಿನ ಒಂದೊಂದು ತೊಳಲಾಟಕ್ಕೆ. ಅದರಲ್ಲಿ ಒಂದು ಹೂವೇ ಅಲ್ಲ, ಬರೀ ಚಿಲುಮೆಯ ನೀರು. ಒಂದು ಸೀಸೆಯಲ್ಲಿ ಸಾಮಾನ್ಯವಾಗಿ ಏಳರವರೆಗೆ ಬೆರೆಸುತ್ತಾರೆ. 38ರಲ್ಲಿ ಒಂದರಿಂದ ಏಳನ್ನು ಆರಿಸಿಕೊಳ್ಳುವ ಬಗೆಗಳನ್ನು ಕೂಡಿಸಿದೆ: 1,59,65,871. ಮನಸ್ಸು ಕೆಡುವುದಕ್ಕೆ ಒಂದು ಕೋಟಿ ಅರವತ್ತು ಲಕ್ಷ ದಾರಿ! ಈ ಲೆಕ್ಕ ನನಗೆ ಉತ್ಪ್ರೇಕ್ಷೆ ಅನಿಸಲೇ ಇಲ್ಲ.

1928ರಲ್ಲಿ ವೇಲ್ಸ್‌ನ ಹೊಳೆದಂಡೆಯಲ್ಲಿ ಬ್ಯಾಚ್‌ಗೆ ಸಿಕ್ಕ ಮೊದಮೊದಲ ಹೂವುಗಳಲ್ಲಿ ಒಂದು ನಮ್ಮ ಹಿಮಾಲಯದ್ದು, 1839ರಲ್ಲಿ ಬ್ರಿಟನ್ನಿಗೆ ಹೋದದ್ದು. ನಮ್ಮ ಹಿತ್ತಿಲ ಕರ್ಣಕುಂಡಲದ ದಾಯಾದಿ. ಬಲಿತ ಕಾಯಿ ಮುಟ್ಟಿದರೆ ಪಟ್ಟನೆ ಸಿಡಿಯುವುದನ್ನು ಮಲೆನಾಡಿನ ಮಕ್ಕಳೆಲ್ಲ ಬಲ್ಲರು. ಈ ಹಿಮಾಲಯದ ಹೂವಿನ ಬೀಜ ಏಳು ಮೀಟರ್ ದೂರಕ್ಕೂ ಹಾರುತ್ತದೆ. ಒಂದು ಗಿಡಕ್ಕೆ ಸುಮಾರು 800 ಬೀಜ. ಇವತ್ತು ಬ್ರಿಟನ್ನಿನ ಹೊಳೆದಂಡೆಗಳಲ್ಲೆಲ್ಲ ಅದೇ. ತಾಳ್ಮೆಗೆಟ್ಟವರಿಗೆ ಬ್ಯಾಚ್ ಕೊಟ್ಟದ್ದು ಈ ತಾಳ್ಮೆಗೆಟ್ಟ ಹೂವನ್ನೇ.

ಈ ಹನಿಗಳು ಕೆಲಸ ಮಾಡುತ್ತವೆಯೇ? ಸಂಶೋಧಕ ಎಡ್ಜಾರ್ಡ್ ಎರ್ನ್ಸ್ಟ್ 2010ರಲ್ಲಿ ಏಳು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದರು. ಹೂವಿಲ್ಲದ ಹುಸಿ ಹನಿಯೊಡನೆ ಹೋಲಿಸಿದ ಯಾವುದರಲ್ಲೂ ಹೂವು ಗೆಲ್ಲಲಿಲ್ಲ. ಆದರೆ 2001ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನ್ನನ್ನು ಹಿಡಿದು ನಿಲ್ಲಿಸಿತು. ಪರೀಕ್ಷೆಯ ಭಯವಿದ್ದ 61 ಮಂದಿ. ಕೆಲವರಿಗೆ ನಿಜವಾದ ಹನಿ, ಉಳಿದವರಿಗೆ ಹೂವಿಲ್ಲದ್ದು. ಎರಡು ಗುಂಪಿನ ನಡುವೆ ವ್ಯತ್ಯಾಸವಿಲ್ಲ. ಭಯ ಮಾತ್ರ ಎರಡರಲ್ಲೂ ಇಳಿದಿತ್ತು. (ನಿದ್ದೆ, ಊಟ ಬಿಡಿಸುವಂಥ ಭಯವಾದರೆ ಹನಿ ನೆಚ್ಚಿ ಕೂರಬಾರದು, ವೈದ್ಯರ ಬಳಿ ಹೋಗಲೇಬೇಕು.)

ಹೂವಿಲ್ಲದೆಯೂ ಇಳಿದದ್ದು ಹೇಗೆ? ಉತ್ತರದ ಒಂದು ತುದಿ ತಂಗಿಯ ಮಗಳ ಮೇಜಿನ ಮೇಲೆಯೇ ಇತ್ತು ಎಂದು ನನ್ನ ಎಣಿಕೆ. ಸೀಸೆ ಆರಿಸುವ ಮೊದಲು ತಾಯಿ ಮಗಳು ಕೂತು 38 ಹೆಸರನ್ನೂ ಓದಿದ್ದರು. ಮಿಮ್ಯುಲಸ್: ಇಂಥದ್ದಕ್ಕೇ ಎಂದು ಹೇಳಬಲ್ಲ ಭಯ. ಆಸ್ಪೆನ್: ಯಾಕೆಂದೇ ತಿಳಿಯದ ಅಳುಕು. ಎಲ್ಮ್: ಹೊತ್ತ ಹೊರೆ ತನ್ನಿಂದಾಗದು ಎಂಬ ಕುಸಿತ. ಸೆರಾಟೊ: ತನ್ನ ತೀರ್ಮಾನವನ್ನು ತಾನೇ ನಂಬದಿರುವುದು. ಲಾರ್ಚ್: ಸೋತೇ ಸೋಲುತ್ತೇನೆಂದು ಮೊದಲೇ ಹಿಂದೆ ಸರಿಯುವುದು. ಆ ಹೆಸರುಗಳ ಹಾಳೆಯ ತುಂಬ ಪೆನ್ಸಿಲ್ ಗೀರುಗಳು. ಎಲ್ಮ್ ಅನ್ನು ಹೊಡೆದುಹಾಕಿ, ಮತ್ತೆ ಬರೆದು, ಮತ್ತೆ ಹೊಡೆದಿದ್ದಳು. ಮೂವತ್ತೇಳು ಹೆಸರು ಅಳಿಸಿ ಉಳಿದ ಒಂದರ ಕೆಳಗೆ ಎರಡು ಗೆರೆ. ಪಕ್ಕದಲ್ಲಿ ನನ್ನ ತಂಗಿಯ ಕೈಬರಹ: "ನನಗೂ ಇದೇ ಇತ್ತು."