ಮೆಣಸಿನಕಾಯಿಯ ಕೊಳೆರೋಗವೂ ಬೀಜದ ಆಯ್ಕೆಯೂ

ಬ್ಯಾಡಗಿ, ಹಾವೇರಿ, ರಾಣೇಬೆನ್ನೂರು ಸೀಮೆಗಳಲ್ಲಿ ಮೆಣಸಿನಕಾಯಿಯು ರೈತನ ಕೈಗೆ ರೊಕ್ಕ ತರುವ ಬೆಳೆಯಾಗಿರುತ್ತದೆ. ಕಾಯಿ ಹಣ್ಣಾಗುವ ಕಾಲಕ್ಕೆ ಮಳೆ ಹಿಡಿದರೆ ಕೆಂಪು ಕಾಯಿಯ ಮೇಲೆ ತಗ್ಗಾದ ಕಲೆಗಳು ಬಿದ್ದು, ಅವುಗಳೊಳಗೆ ಕರಿಯ ಚುಕ್ಕೆಗಳು ಬಳೆಬಳೆಯಾಗಿ ಏಳುತ್ತವೆ. ಕಾಯಿಯು ಒಣಹುಲ್ಲಿನ ಬಣ್ಣಕ್ಕೆ ತಿರುಗಿ ಬೆಲೆಗೆಡುತ್ತದೆ. ಅದೇ ರೋಗವು ಟೊಂಗೆಗೆ ತಗಲಿದರೆ ಟೊಂಗೆಯು ತುದಿಯಿಂದ ಕೆಳಕ್ಕೆ ಒಣಗುತ್ತಾ ಬರುತ್ತದೆ. ಇದು ಮೋಡದ ದೋಷವೆಂದು ಹಲವರ ಎಣಿಕೆ. ಮೋಡವು ಸಹಾಯಕ ಮಾತ್ರ. ಮೂಲ ಕಾರಣವು ಒಂದು ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ಜೀವಿ.

ಕೊಯಮತ್ತೂರಿನಿಂದ ದೊರೆತ ರೋಗದ ಕಾಯಿಗಳನ್ನು ನೋಡಿ ಸೀಡೋ ಎಂಬ ಪಂಡಿತರು 1913ರಲ್ಲಿ ಇದನ್ನು ವರ್ಣಿಸಿದರು. 1931ರಲ್ಲಿ ಬಟ್ಲರ್ ಮತ್ತು ಬಿಸ್ಬಿ ಎಂಬವರು ಇದಕ್ಕೆ ಕೊಲೆಟೋಟ್ರೈಕಮ್ ಕ್ಯಾಪ್ಸಿಸಿ ಎಂಬ ಹೆಸರನ್ನಿಟ್ಟರು.

ಪ್ರಯೋಗಶಾಲೆಯಲ್ಲಿ ಪರೀಕ್ಷೆಯು ಹೀಗೆ ನಡೆಯುತ್ತದೆ. ಕಲೆಯ ಅಂಚಿನ ಸಣ್ಣ ತುಂಡನ್ನು ಹೊರಮೈಯ ಕ್ರಿಮಿಗಳು ಸಾಯುವಂತೆ ಔಷಧದಲ್ಲಿ ಅದ್ದಿ, ಶುದ್ಧಜಲದಲ್ಲಿ ತೊಳೆದು, ಗಾಜಿನ ಬಟ್ಟಲಿನ ಆಹಾರದ ಮೇಲಿಡುತ್ತಾರೆ. ಒಂದು ಲೀಟರ್ ನೀರಿಗೆ 200 ಗ್ರಾಂ ಆಲೂಗೆಡ್ಡೆಯ ರಸ, 20 ಗ್ರಾಂ ಸಕ್ಕರೆ, 20 ಗ್ರಾಂ ಅಗಾರ್ ಸೇರಿಸಿ ಕಾಯಿಸಿದುದೇ ಈ ಆಹಾರ. ಸುಮಾರು 28 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಶಿಲೀಂಧ್ರವು ಮೊದಲು ಬಿಳುಪಾಗಿಯೂ ಬಳಿಕ ಬೂದುಗಪ್ಪಾಗಿಯೂ ಹರಡುತ್ತದೆ. ಸೂಕ್ಷ್ಮದರ್ಶಕದಲ್ಲಿ ಕರಿಯ ಮುಳ್ಳುಗೂದಲುಗಳ ನಡುವೆ ಕುಡುಗೋಲಿನಂತೆ ಬಾಗಿದ ಬೀಜಕಣಗಳು ತೋರುತ್ತವೆ. ಸುಮಾರು ನಲವತ್ತು ಕಣಗಳನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್ ಆದೀತು.

ಆ ಕಣಗಳಿದ್ದ ನೀರನ್ನು ಸೂಜಿಯಿಂದ ಚುಚ್ಚಿದ ಒಳ್ಳೆಯ ಕಾಯಿಗೂ, ಬರಿಯ ನೀರನ್ನು ಅಂತೆಯೇ ಚುಚ್ಚಿದ ಇನ್ನೊಂದು ಕಾಯಿಗೂ ಹಚ್ಚಿ ತೇವದಲ್ಲಿಟ್ಟರೆ, ಒಂದು ವಾರದೊಳಗೆ ಮೊದಲನೆಯದು ಮಾತ್ರ ಕೊಳೆಯುತ್ತದೆ. ಕೊಳೆತ ಭಾಗದಿಂದ ಅದೇ ಶಿಲೀಂಧ್ರವು ಪುನಃ ದೊರೆಯುವುದರಿಂದ ಅದೇ ಕಾರಣವೆಂದು ಸಿದ್ಧವಾಗುತ್ತದೆ.

ಈ ಜೀವಿಯು ಕಾಯಿಯ ಸಿಪ್ಪೆಯಲ್ಲಿಯೇ ನಿಲ್ಲದೆ ಒಳಗಿನ ಬೀಜವನ್ನೂ ಹೊಗುತ್ತದೆ. ಕಲೆಬಿದ್ದ ಕಾಯಿಗಳನ್ನು ಮಾರಾಟಕ್ಕೆ ಒಲ್ಲದೆ ಬೀಜಕ್ಕೆ ಇಟ್ಟುಕೊಳ್ಳುವ ರೈತನು ಮುಂದಿನ ವರ್ಷದ ರೋಗವನ್ನು ತನ್ನ ಕೈಯಿಂದಲೇ ಬಿತ್ತುತ್ತಾನೆ. ಇದನ್ನು ಗ್ರಾಮದ ಮುಖಂಡರು ಮನೆಯಲ್ಲಿಯೇ ನೋಡಬಹುದು. ಒದ್ದೆಯಾದ ಒತ್ತುಕಾಗದದ ಮೇಲೆ ಇಪ್ಪತ್ತೈದು ಬೀಜಗಳನ್ನು ಬಿಡಿಬಿಡಿಯಾಗಿ ಇಟ್ಟು ಮುಚ್ಚಿ, ಏಳು ದಿನ ತೇವ ಆರದಂತೆ ಕಾಯ್ದು ಭೂತಕನ್ನಡಿಯಿಂದ ನೋಡಿದರೆ, ರೋಗದ ಬೀಜಗಳ ಮೇಲೆ ಕರಿಯ ಮುಳ್ಳುಗೂದಲಿನ ಗುಂಪುಗಳು ಕಾಣುತ್ತವೆ.

ಆದುದರಿಂದ ಜಮೀನುದಾರರು ಈ ಕ್ರಮಗಳನ್ನು ಅನುಸರಿಸತಕ್ಕದ್ದು:

1. ಬೀಜಕ್ಕಾಗಿ ರೋಗವಿಲ್ಲದ ಗಿಡದ, ಕಲೆಯಿಲ್ಲದ ಕಾಯಿಗಳನ್ನು ಮಾತ್ರ ಬೇರೆಯಾಗಿ ಬಿಡಿಸಿ ಒಣಗಿಸಬೇಕು.

2. ಬೀಜವನ್ನು 52 ಡಿಗ್ರಿ ಸೆಂಟಿಗ್ರೇಡ್ ಬಿಸಿನೀರಿನಲ್ಲಿ 30 ನಿಮಿಷವಿಟ್ಟು, ತಣ್ಣೀರಿನಲ್ಲಿ ಅದ್ದಿ, ನೆರಳಿನಲ್ಲಿ ಆರಿಸಿ ಬಿತ್ತಬೇಕು. ಶಾಖಮಾಪಕವಿಲ್ಲದೆ ಅಂದಾಜಿನಿಂದ ಮಾಡಬಾರದು. ಶಾಖವು ಮೀರಿದರೆ ಮೊಳಕೆಯೇ ಸಾಯುವುದು.

3. ಮಳೆಹನಿಯ ಸಿಡಿತದಿಂದ ಕಣಗಳು ಗಿಡದಿಂದ ಗಿಡಕ್ಕೆ ಹಾರುವುದರಿಂದ, ರೋಗದ ಕಾಯಿಗಳನ್ನೂ ಒಣಟೊಂಗೆಗಳನ್ನೂ ಹೊಲದಲ್ಲಿ ಚೆಲ್ಲದೆ ಸುಡಬೇಕು.

4. ರೋಗವು ಕಂಡೊಡನೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಸಿಂಪಡಿಸಬೇಕು. 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ ಸಾಕು.

ಈ ನಾಲ್ಕರಲ್ಲಿ ಮೊದಲನೆಯದಕ್ಕೆ ಕಾಸಿನ ಖರ್ಚಿಲ್ಲ. ಊರಿನ ಹಿರಿಯರು ತಮ್ಮ ಕಣದಲ್ಲಿ ಅದನ್ನು ಮಾಡಿ ತೋರಿಸಿದರೆ ನೆರೆಹೊರೆಯ ರೈತರೂ ಅನುಸರಿಸುವರೆಂದು ನಂಬಿರುತ್ತೇವೆ.