ಎಳೆ ಬೆರಳು ಯಾವ ಕೆಲಸಕ್ಕೆ?

ಗದ್ವಾಲ ಸೀಮೆಯ ಹತ್ತಿಬೀಜದ ಹೊಲಗಳಲ್ಲಿ ಬಹುಕಾಲ ಒಂದು ವಾದ ಚಲಾವಣೆಯಲ್ಲಿತ್ತು: ಹೂವಿನ ಕೆಲಸಕ್ಕೆ ದೊಡ್ಡವರ ಒರಟು ಕೈ ಒಗ್ಗದು, ಮಕ್ಕಳ ಎಳೆ ಬೆರಳೇ ಬೇಕು, ಗಿಡದ ಎತ್ತರವೂ ಮಕ್ಕಳ ಎತ್ತರಕ್ಕೆ ಸರಿ. ಕೇಳಲು ನಯವಾಗಿರುವ ಈ ಮಾತನ್ನು ಶಿಕ್ಷಕರೂ ಹೆತ್ತವರೂ ಒಮ್ಮೆ ಪರೀಕ್ಷಿಸಿ ನೋಡಬೇಕು. ಮಗುವಿನ ಕೈ ಹೇಗೆ ಬೆಳೆಯುತ್ತದೆ, ಯಾವುದಕ್ಕಾಗಿ ಬೆಳೆಯುತ್ತದೆ ಎಂಬ ಪ್ರಶ್ನೆ ಅದರೊಳಗೆ ಅಡಗಿದೆ.

ಕೆಲಸವಾದರೂ ಎಂಥದ್ದು? ಹತ್ತಿಯ ಒಂದೇ ಹೂವಿನಲ್ಲಿ ಗಂಡು ಹೆಣ್ಣು ಭಾಗಗಳೆರಡೂ ಇರುತ್ತವೆ. ಸಂಕರ ಬೀಜ ಬೇಕಾದರೆ ನಾಳೆ ಅರಳಲಿರುವ ಮೊಗ್ಗನ್ನು ಇಂದೇ ಹಿಡಿದು, ದಳ ಬಿಡಿಸಿ, ಪರಾಗಕೋಶಗಳನ್ನೆಲ್ಲ ಉಗುರಿನಿಂದ ಕಿತ್ತು, ನಡುವಿನ ಶಲಾಕೆಗೆ ಗಾಯವಾಗದಂತೆ ಬಿಡಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂ ತಂದು ಅದರ ಪರಾಗವನ್ನು ಶಲಾಕಾಗ್ರಕ್ಕೆ ತೀಡಬೇಕು. ಒಂದೊಂದು ಹೂವಿಗೂ ಹೀಗೆಯೇ. ಹೂ ಬಿಡುವ ಕಾಲ ಮುಗಿಯುವವರೆಗೆ ದಿನವೂ ಹೀಗೆಯೇ. 1970ರಲ್ಲಿ ಗುಜರಾತಿನ ಸಿ. ಟಿ. ಪಟೇಲರು ಮೊದಲ ಸಂಕರ ಹತ್ತಿಯನ್ನು ಕೊಟ್ಟರು. 1972ರಲ್ಲಿ ಧಾರವಾಡದಿಂದ ‘ವರಲಕ್ಷ್ಮಿ’ ಬಂತು. ವಿಜ್ಞಾನಕ್ಕೆ ಅದು ಹೆಮ್ಮೆಯೇ. ಆದರೆ 1990ರ ಹಾಗೂ 2000ದ ದಶಕಗಳಲ್ಲಿ ಅಂದಿನ ಮಹಬೂಬನಗರ, ಕರ್ನೂಲು ಜಿಲ್ಲೆಗಳ ಬೀಜದ ಹೊಲಗಳಲ್ಲಿ ಈ ಕೆಲಸಕ್ಕೆ ನಿಂತವರಲ್ಲಿ ಶಾಲೆಯಲ್ಲಿರಬೇಕಾದ ಮಕ್ಕಳು, ಅದರಲ್ಲೂ ಹುಡುಗಿಯರು, ದೊಡ್ಡ ಸಂಖ್ಯೆಯಲ್ಲಿದ್ದರೆಂದು ಅಧ್ಯಯನಗಳು ಮತ್ತೆ ಮತ್ತೆ ಹೇಳಿದವು. ಮಕ್ಕಳನ್ನು ದುಡಿಮೆಯಿಂದ ಬಿಡಿಸಿ ಶಾಲೆಗೆ ತರುವ ಕೆಲಸಕ್ಕಾಗಿ ಎಂ. ವಿ. ಫೌಂಡೇಶನ್ನಿನ ಶಾಂತಾ ಸಿನ್ಹಾ ಅವರಿಗೆ 2003ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮುಂದೆ 14 ವರ್ಷದ ಕೆಳಗಿನವರ ಪಾಲು ಇಳಿಯಿತು. ಆದರೆ ಸುಲಭವಾಗಿ ಇಳಿಯಲಿಲ್ಲ.

ಗದ್ವಾಲ ನಮಗೇನು ಎಂದು ಕೆಲವರು ಕೇಳಬಹುದು. 1956ರಲ್ಲಿ ದಕ್ಷಿಣ ಕನ್ನಡದಿಂದ ಕಾಸರಗೋಡನ್ನು ಬಿಡಿಸಿ ಕೇರಳಕ್ಕೆ ಸೇರಿಸಿದ ರಾಜ್ಯ ಪುನರ್ವಿಂಗಡಣೆ ಕಾಯಿದೆಯೇ ರಾಯಚೂರು ಜಿಲ್ಲೆಯಿಂದ ಗದ್ವಾಲ, ಆಲಂಪುರ ತಾಲೂಕುಗಳನ್ನು ಬಿಡಿಸಿ ಆಂಧ್ರಕ್ಕೆ ಕೊಟ್ಟಿತು. ಈಗ ಅದು ತೆಲಂಗಾಣದ ಜೋಗುಲಾಂಬ ಗದ್ವಾಲ ಜಿಲ್ಲೆ. ಕೃಷ್ಣೆಯ ಉತ್ತರ ದಂಡೆಯ ಮಕ್ತಲ್, 2019ರಲ್ಲಿ ರಚನೆಯಾದ ನಾರಾಯಣಪೇಟೆ ಜಿಲ್ಲೆಗೆ ಸೇರಿದೆ. ಆ ಜಿಲ್ಲೆಯ ಕೃಷ್ಣಾ ಮಂಡಲದಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಶಾಲೆಗಳಿವೆ. ಹತ್ತಿಯ ಹೂವು ನಮ್ಮಲ್ಲಿಲ್ಲ, ನಿಜ. ಆದರೆ ಬೀಡಿಯ ತುದಿ ಮಡಚಲು, ನೂಲು ಸುತ್ತಲು ಎಳೆ ಬೆರಳೇ ಚುರುಕು ಎಂಬ ಮಾತನ್ನು ನಮ್ಮ ಜಗಲಿಗಳೂ ಒಂದು ಕಾಲದಲ್ಲಿ ಕೇಳಿವೆ.

ಇನ್ನು ಬೆರಳಿನ ವಿಚಾರ. ಮಗುವಿನ ಚಲನ ಕೌಶಲ ತಲೆಯಿಂದ ಕಾಲಿನ ಕಡೆಗೆ, ಮೈನಡುವಿನಿಂದ ಬೆರಳತುದಿಯ ಕಡೆಗೆ ಸಾಗುತ್ತದೆ. ಮೊದಲು ಕತ್ತು ನಿಲ್ಲುತ್ತದೆ, ಆಮೇಲೆ ಬೆನ್ನು, ಆಮೇಲೆ ಕಾಲು. ಕೈಯಲ್ಲಾದರೆ ಭುಜ ಮೊದಲು, ಬೆರಳು ಕೊನೆಗೆ. ಐದಾರು ತಿಂಗಳ ಕೂಸು ಗಿಲಕಿಯನ್ನು ಇಡೀ ಅಂಗೈಯಿಂದ ಬಾಚಿ ಹಿಡಿಯುತ್ತದೆ. ಒಂಬತ್ತು ಹತ್ತು ತಿಂಗಳಿಗೆ ನೆಲದಲ್ಲಿ ಬಿದ್ದ ಅಕ್ಕಿಕಾಳನ್ನು ಹೆಬ್ಬೆರಳು ತೋರುಬೆರಳುಗಳಿಂದ ಹೆಕ್ಕುತ್ತದೆ. ತಾಯಿಗೆ ಅದು ಗಾಬರಿ. ಆದರೆ ಮುಂದೆ ಸೂಜಿ, ಸೀಸದಕಡ್ಡಿ, ವೀಣೆಯ ತಂತಿ ಎಲ್ಲಕ್ಕೂ ಅಲ್ಲಿಯೇ ನಾಂದಿ.

ಕಾಲ ಎಲ್ಲರಿಗೂ ಒಂದೇ ಅಲ್ಲ. ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಮಗು ಆಸರೆಯಿಲ್ಲದೆ ನಡೆಯುವುದು ಸುಮಾರು 8ರಿಂದ 18 ತಿಂಗಳ ನಡುವೆ ಯಾವಾಗಲೂ ಆಗಬಹುದು. ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲಿಡದೆಯೇ ನಡೆದುಬಿಟ್ಟವು. ಪಕ್ಕದ ಮನೆಯ ಮಗು ಹತ್ತು ತಿಂಗಳಿಗೇ ನಡೆಯಿತೆಂದು ನಿದ್ದೆಗೆಡಬೇಕಾಗಿಲ್ಲ.

ಮಗುವಿನ ಕೈ ದೊಡ್ಡವರ ಕೈಯ ಚಿಕ್ಕ ಪ್ರತಿ ಅಲ್ಲವೆಂಬುದು ಮುಖ್ಯ. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಎಲುಬುಗಳಿವೆ. ಹುಟ್ಟಿದಾಗ ಅವು ಮೆದುವಾದ ಮೃದ್ವಸ್ಥಿ. ವರ್ಷ ವರ್ಷ ಒಂದೊಂದಾಗಿ ಗಟ್ಟಿಯಾಗತೊಡಗಿ, ಕೊನೆಯದರ ಸರದಿ ಬರುವಾಗ ಮಗುವಿಗೆ 8ರಿಂದ 12 ವರ್ಷ. ಬೆರಳ ಚುರುಕೂ ವಯಸ್ಸಿನೊಂದಿಗೆ ಏರುತ್ತದೆ. ಹತ್ತು ವರ್ಷದವರಿಗಿಂತ ಇಪ್ಪತ್ತರವರ ಬೆರಳು ಚುರುಕು. ಉತ್ತರ ಪ್ರದೇಶದ ರತ್ನಗಂಬಳಿ ಮಗ್ಗಗಳಲ್ಲೂ ಇದೇ ‘ಎಳೆ ಬೆರಳಿನ’ ವಾದವಿತ್ತು. 1990ರ ದಶಕದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಾಗಿ ಅದನ್ನು ಪರಿಶೀಲಿಸಿದವರಿಗೆ ಮಕ್ಕಳ ಗಂಟು ದೊಡ್ಡವರ ಗಂಟಿಗಿಂತ ಸೂಕ್ಷ್ಮವೆಂದು ಕಾಣಲಿಲ್ಲ. ಮಕ್ಕಳನ್ನು ಕರೆಯುತ್ತಿದ್ದುದು ಬೆರಳಿಗಾಗಿ ಅಲ್ಲ. ಕಡಿಮೆ ಕೂಲಿಗೆ, ಎದುರಾಡದ ಬಾಯಿಗೆ, ಮನೆಯವರಿಗೆ ಮೊದಲೇ ಕೊಟ್ಟ ಮುಂಗಡಕ್ಕೆ. ಅದರ ಮೇಲೆ ಹೊಲಕ್ಕೆ ಹೊಡೆಯುವ ಔಷಧಿ ಬೇರೆ. ಎಂಡೋಸಲ್ಫಾನ್ ಕಂಡ ಎಣ್ಮಕಜೆಯ ಕಡೆಯ ಓದುಗರಿಗೆ ಆ ಮಾತನ್ನು ವಿವರಿಸಬೇಕಾಗಿಲ್ಲ.

ಗದ್ವಾಲದಲ್ಲೇ ನಿಜವಾದ ಬೆರಳ ಚಾತುರ್ಯವನ್ನು ನೋಡಬೇಕಾದರೆ ನೇಕಾರರ ಮನೆಗೆ ಹೋಗಬೇಕು. ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ಸೆರಗು ರೇಷ್ಮೆ. ಎರಡು ಜಾತಿಯ ನೂಲು ಕೂಡುವೆಡೆಯಲ್ಲಿ ಎಳೆಗೆ ಎಳೆ ಕೊಕ್ಕೆ ಹಾಕಿದಂತೆ ಬೆಸೆಯಬೇಕು. ಕಾಲು ಕೆಳಗೆ ತುಳಿಯುತ್ತಿರುತ್ತದೆ, ಕೈ ಲಾಳಿ ಹಾಯಿಸುತ್ತದೆ, ಕಣ್ಣು ಅಂಚಿನ ಮೇಲಿರುತ್ತದೆ. ನಾರಾಯಣಪೇಟೆಯ ಚೌಕಳಿ ಸೀರೆಯ ಮಗ್ಗದಲ್ಲೂ ಕೈ, ಕಾಲು, ಕಣ್ಣುಗಳ ಈ ಒಪ್ಪಂದವೇ ಬಂಡವಾಳ. ನಮ್ಮ ಕಾಸರಗೋಡು ಸೀರೆ ನೇಯುವವರನ್ನು ನೋಡಿದವರಿಗೆ ಇದು ಹೊಸತಲ್ಲ. ನೇಕಾರರ ಮನೆಯ ಮಗು ಕಂಡಿಕೆ ಉರುಳಿಸಿ ಆಡುತ್ತ, ಕಡಿದ ಎಳೆಗೆ ಗಂಟು ಹಾಕಲು ಕಲಿಯುತ್ತ ಬೆಳೆದರೆ ಸಂತೋಷವೇ. ಅದೇ ಮಗುವನ್ನು ದಿನವಿಡೀ ಕಂಡಿಕೆ ಸುತ್ತಲು ಕೂರಿಸಿದರೆ ಅದರ ಕೈ ಕಲಿಯುವುದು ಒಂದೇ ಚಲನೆ. ಬೆನ್ನು ಕಲಿಯುವುದು ಬಾಗುವುದನ್ನು.

2016ರ ತಿದ್ದುಪಡಿ ಕಾಯಿದೆ 14ರ ಕೆಳಗಿನವರ ದುಡಿಮೆಯನ್ನು ನಿಷೇಧಿಸಿದರೂ, ಅಪಾಯವಿಲ್ಲದ ಮನೆಕಸುಬಿನಲ್ಲಿ ಶಾಲೆ ಬಿಟ್ಟ ಮೇಲೆ ನೆರವಾಗಲು ಎಡೆ ಕೊಟ್ಟಿದೆ. ಶಾಸನ ಬರೆದವರು ಒಂದನ್ನು ಮರೆತರೆಂದು ತೋರುತ್ತದೆ. ಶಾಲೆ ಬಿಟ್ಟ ಮೇಲಿನ ಹೊತ್ತೇ ಆಟದ ಹೊತ್ತು. ಮರ ಹತ್ತುವಾಗ ಭುಜ, ಕುಂಟೆಬಿಲ್ಲೆಯಲ್ಲಿ ಸಮತೋಲ, ಲಗೋರಿಯಲ್ಲಿ ಗುರಿ, ಕಲ್ಲಾಟದಲ್ಲಿ ಕಣ್ಣು ಬೆರಳಿನ ಹೊಂದಾಣಿಕೆ ಬಲಿಯುವುದು ಆಗಲೇ. ನಮ್ಮ ಚೆನ್ನೆಮಣೆಯಂಥ ಆಟವೇ ತೆಲುಗರಲ್ಲಿ ವಾಮನಗುಂಟಲು. ಗುಳಿಯಿಂದ ಕಾಳು ಹೆಕ್ಕಿ ಒಂದೊಂದಾಗಿ ಬಿಡುವ ಆ ಆಟಕ್ಕಿಂತ ಒಳ್ಳೆಯ ಬೆರಳ ಪಾಠವನ್ನು ಯಾವ ಶಿಕ್ಷಣ ಶಾಸ್ತ್ರಜ್ಞನೂ ಕೊಟ್ಟಿಲ್ಲ; ಲೆಕ್ಕ ಬೇರೆ ಪುಕ್ಕಟೆ.

ಹತ್ತಿಯ ಹೊಲವನ್ನು ಖಂಡಿಸುವ ನಾವು ನಮ್ಮ ಮನೆಯ ಮೂರು ವರ್ಷದ ಕೂಸಿಗೆ ಮಾಡುತ್ತಿರುವುದೇನು? ಎಲ್.ಕೆ.ಜಿ.ಗೆ ಕಳಿಸಿ, ಒಂದೇ ಅಕ್ಷರವನ್ನು ಪುಟಗಟ್ಟಲೆ ಬರೆಸುತ್ತೇವೆ. ಸಾಮಾನ್ಯವಾಗಿ ಮಗು ನೋಡಿ ವೃತ್ತ ಬರೆಯುವುದು ಮೂರನೆಯ ವರ್ಷಕ್ಕೆ, ಕೂಡುಗೆರೆ ನಾಲ್ಕಕ್ಕೆ, ಚೌಕ ಐದರ ಹೊತ್ತಿಗೆ. ತ್ರಿಕೋನ ಇನ್ನೂ ತಡ. ಕನ್ನಡದ ಅಕ್ಷರಗಳೋ ಸುರುಳಿಯೊಳಗೆ ಸುರುಳಿ. ಕೃಷ್ಣಾ ಮಂಡಲದ ಮಗುವಿಗೆ ಇದರ ಮೇಲೆ ತೆಲುಗು, ನಮ್ಮ ಮಗುವಿಗೆ ಮಲಯಾಳ. ಮಣಿಕಟ್ಟು ತಿರುಗಲು ಕಲಿತ ಕೈಗೆ ಎರಡು ಲಿಪಿ ಭಾರವಲ್ಲ. ಕಲಿಯುವ ಮೊದಲೇ ಕಡ್ಡಿ ಹಿಡಿಸಿದರೆ ಒಂದೂ ಭಾರ. ಅಕ್ಕಿಯಲ್ಲಿ, ಮರಳಿನಲ್ಲಿ ಬೆರಳಿನಿಂದ ಬರೆಸುತ್ತಿದ್ದ ಹಿರಿಯರಿಗೆ ಈ ಕ್ರಮ ಗೊತ್ತಿತ್ತು. ಅವರೆಕಾಯಿ ಸುಲಿಯುವುದು, ಹಿಟ್ಟು ನಾದುವುದು, ಹೂ ಕಟ್ಟುವುದು, ಅಂಗಿಯ ಗುಂಡಿ ತಾನೇ ಹಾಕಿಕೊಳ್ಳುವುದು, ಇವೆಲ್ಲ ಬರವಣಿಗೆಯ ಪೂರ್ವಪಾಠಗಳೇ. ಹೊತ್ತಾಗುತ್ತದೆಂದು ಗುಂಡಿಯನ್ನು ನಾವೇ ಹಾಕಿ ಕಳಿಸುತ್ತೇವೆ. ಸಂಜೆ ಅದೇ ಕೈಗೆ ಕಾಪಿಪುಸ್ತಕ ಕೊಡುತ್ತೇವೆ.

ತಾಯ್ತಂದೆಯರು ಗಮನಿಸಬೇಕಾದ ಕೆಲವು ಚಿಹ್ನೆಗಳಿವೆ. ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳಿಗೂ ಕೂರದಿದ್ದರೆ, ಒಂದೂವರೆ ವರ್ಷಕ್ಕೂ ನಡೆಯದಿದ್ದರೆ ಕಾಯುತ್ತ ಕೂರಬಾರದು. ವರ್ಷ ತುಂಬುವ ಮೊದಲೇ ಮಗು ಒಂದೇ ಕೈ ಬಳಸಿ, ಇನ್ನೊಂದನ್ನು ಮುಷ್ಟಿಕಟ್ಟಿ ಸುಮ್ಮನಿಟ್ಟುಕೊಂಡಿದ್ದರೆ ‘ನಮ್ಮ ಮಗು ಎಡಚ’ ಎಂದು ನಕ್ಕು ಬಿಡಬೇಡಿ. ಆ ವಯಸ್ಸಿಗೆ ಎರಡು ಕೈಯೂ ಸಮನಾಗಿ ಆಡಬೇಕು. ಎರಡು ವರ್ಷದವರೆಗಿನ ಮಕ್ಕಳಿಗಾಗಿ ತಿರುವನಂತಪುರದಲ್ಲಿ ರೂಪಿಸಿದ ಬೆಳವಣಿಗೆಯ ಪಟ್ಟಿಯಲ್ಲಿರುವುದು ಬರೇ 17 ಅಂಶಗಳು. ಪರೀಕ್ಷೆಗೆ ಕೆಲವೇ ನಿಮಿಷ ಸಾಕು. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರಕಾರಿ ಶಾಲೆಗಳ ಮಕ್ಕಳ ತಪಾಸಣೆ ಉಚಿತ. ಮಗುವನ್ನು ನೋಡುವವರು ಬಂದ ದಿನ ಅದನ್ನು ಅಜ್ಜಿಮನೆಗೆ ಕಳಿಸಬೇಡಿ.