ತಗ್ಗಿಸಿದ ಗಾಡಿಗೆ ಎಂಥ ರಾಡು?

ಪ್ರಶ್ನೆ: ಗಿಡ್ಡ ಸ್ಪ್ರಿಂಗ್ ಹಾಕಿ ಜಿಮ್ನಿಯನ್ನು ತಗ್ಗಿಸಿದರೆ ಹಿಂದಿನ ಆಕ್ಸಲ್ ಪಕ್ಕಕ್ಕೆ ಸರಿಯುತ್ತದಂತೆ, ನಿಜವೇ? ಎಂಥ ರಾಡು ಕೊಳ್ಳಬೇಕು?
– ಓದುಗರು, ವಿರಾಜಪೇಟೆ

ಉತ್ತರ: ನಿಜ. ಆಕ್ಸಲ್ ಅಡ್ಡಡ್ಡ ಓಲಾಡದಂತೆ ಹಿಡಿಯುವುದು ಪ್ಯಾನ್‌ಹಾರ್ಡ್ ರಾಡು. ಅದರ ಒಂದು ತುದಿ ಚಾಸಿಗೆ, ಇನ್ನೊಂದು ಆಕ್ಸಲ್‌ಗೆ. ಗಾಡಿಯ ಎತ್ತರ ಬದಲಾದರೆ ರಾಡಿನ ಓರೆಯೂ ಬದಲಾಗುತ್ತದೆ. 900 ಮಿ.ಮೀ. ರಾಡಿನ ಚಾಸಿ ತುದಿ ಆಕ್ಸಲ್ ತುದಿಗಿಂತ 100 ಮಿ.ಮೀ. ಮೇಲಿದೆ ಎನ್ನೋಣ. ಗಾಡಿ 50 ಮಿ.ಮೀ. ತಗ್ಗಿದರೆ ಆಕ್ಸಲ್ ಸುಮಾರು 4 ಮಿ.ಮೀ. ಸರಿಯುತ್ತದೆ, ಅಷ್ಟೇ ಎತ್ತರಿಸಿದರೆ ಎದುರು ದಿಕ್ಕಿಗೆ 7. ತಗ್ಗಿಸಿದಾಗ ರಾಡು ಗಿಡ್ಡವಾಗಬೇಕು, ಎತ್ತರಿಸಿದಾಗ ಉದ್ದವಾಗಬೇಕು.

ಒಂದು ತುದಿಗೆ ಬಲ ಥ್ರೆಡ್, ಇನ್ನೊಂದಕ್ಕೆ ಎಡ ಥ್ರೆಡ್ ಇರುವುದನ್ನೇ ಆರಿಸಿ. ಬಿಚ್ಚದೆ ತಿರುಗಿಸಿ ಹೊಂದಿಸಬಹುದು. ಲಾಕ್‌ನಟ್ ಇರಲೇಬೇಕು. ಕೊಡಗಿನ ಮಳೆ, ಕೆಸರಿಗೆ ತೆರೆದ ಬಾಲ್ ಜಾಯಿಂಟ್‌ಗಿಂತ ರಬ್ಬರ್ ಬುಷ್ ಲೇಸು. ಗಾಡಿಯ ಭಾರ ಚಕ್ರಗಳ ಮೇಲಿದ್ದಾಗಲೇ ಅಳೆದು ಬಿಗಿಸಿ.

ಮಾಂದಲಪಟ್ಟಿ ಹತ್ತುವ ಲೀಫ್ ಸ್ಪ್ರಿಂಗ್ ಜೀಪುಗಳಲ್ಲಿ ಸ್ಪ್ರಿಂಗೇ ಆಕ್ಸಲನ್ನು ಹಿಡಿದಿರುತ್ತದೆ. ಸ್ವಿಫ್ಟ್‌ನಂಥ ಟಾರ್ಷನ್ ಬೀಮ್ ಕಾರಿಗೂ ಈ ರಾಡು ಬೇಡ. ಎತ್ತರ ಬದಲಿಸುವ ಮುನ್ನ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ನಿರ್ಬಂಧವನ್ನು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.